ರಸ್ತೆಯ ರುಚಿ ನೋಡಿದ ಮೇಸ್ತ್ರಿ

ಆ ಶನಿವಾರ ಸಂಜೆ ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಬಸ್ಸು ಮತ್ತಿಮರದ ತಿರುವಿನಲ್ಲಿ ಕಡವೆಗೆ ಗುದ್ದಬಹುದಿತ್ತು. ಕಡವೆಯನ್ನು ತಪ್ಪಿಸಲು ಹೋಗಿ ಮತ್ತಿಮರಕ್ಕೇ ಗುದ್ದಬಹುದಿತ್ತು. ಮರವನ್ನೂ ತಪ್ಪಿಸಿ ಹಳ್ಳಕ್ಕೆ ಇಳಿಯಬಹುದಿತ್ತು. ಬ್ರೇಕು ಹಿಡಿಯದೇ ಹೋಗಬಹುದಿತ್ತು. ಹಿಡಿದರೂ ನಾವು ತೊಳೆದು ಒದ್ದೆ ಮಾಡಿದ ರಸ್ತೆಯ ಮೇಲೆ ಚಕ್ರ ಜಾರಬಹುದಿತ್ತು. ಜಾರಿದ ಮೇಲೆ ಬೇಸಿಗೆಯಲ್ಲಿ ರಸ್ತೆ ಯಾಕೆ ಒದ್ದೆಯಾಗಿತ್ತು, ಒದ್ದೆ ಮಾಡಿಸಿದವನು ಯಾರು ಎಂದು ವಿಚಾರಣೆ ನಡೆಯಬಹುದಿತ್ತು. ನನ್ನ ಟಾರ್ಚಿನ ಸೆಲ್ಲು ಮುಗಿಯಬಹುದಿತ್ತು. ಕಡವೆ ಬಸ್ಸನ್ನು ಬಿಟ್ಟು ನನ್ನ ಮೇಲೇ ಬರಬಹುದಿತ್ತು. ಕಡವೆಯ ಹಿಂದೆ ಹುಲಿ ಬರಬಹುದಿತ್ತು. ಹುಲಿ ಬರದಿದ್ದರೂ ಬಂತೆಂದು ತಿಳಿದು ಓಡಿ ನಾನೇ ಮೋರಿಯೊಳಗೆ ಬೀಳಬಹುದಿತ್ತು. ಇದಾವುದೂ ಆಗದೆ, ನೆನೆದ ಕಾಲಿನಿಂದ ನೆಗಡಿ ಬಂದು ಅದು ನ್ಯುಮೋನಿಯಾಕ್ಕೆ ತಿರುಗಬಹುದಿತ್ತು.

ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಚಿಕ್ಕದು, ನನ್ನ ಪಟ್ಟಿಯಲ್ಲಿ ಇಲ್ಲದ್ದು. ಅದನ್ನು ಹೇಳಬೇಕಾದರೆ ಮೇಸ್ತ್ರಿಯ ವಿಷಯ ಹೇಳಬೇಕು.

ಮೇಸ್ತ್ರಿ ತೀರಿಕೊಂಡ ಸುದ್ದಿ ಹೋದ ವಾರ ಒಂದು ಕಾರ್ಡಿನಲ್ಲಿ ಬಂತು. ಅವರ ಹೆಂಡತಿ ಯಾರಿಂದಲೋ ಬರೆಸಿದ್ದು. ನಾಲ್ಕೇ ಸಾಲು. ಮಲಗಿದಲ್ಲೇ ಹೋದರು, ನೋವು ಇರಲಿಲ್ಲ ಎಂದು ಮೂರು ಸಾಲು. ನಾಲ್ಕನೆಯದು: ‘ನಿಮಗೆ ತಿಳಿಸಲು ಹೇಳಿದ್ದರು. ಹೆದರಿಕೊಳ್ಳಬೇಡಿ ಎಂದೂ ಹೇಳಿದ್ದರು.’ ಸಾಯುವ ಮನುಷ್ಯ ಬದುಕಿರುವವನಿಗೆ ಧೈರ್ಯ ಹೇಳಿ ಕಳಿಸಿದ್ದು. ಕಾರ್ಡು ಓದಿ ನನಗೆ ಅಳು ಬಂತು. ಅಳುತ್ತಲೇ, ಈ ವಯಸ್ಸಿನಲ್ಲಿ ಹೀಗೆ ಅತ್ತರೆ ರಕ್ತದೊತ್ತಡ ಏರುತ್ತದೋ ಏನೋ ಎಂದೂ ಅನ್ನಿಸಿತು.

ಅರವತ್ತರ ದಶಕದ ನಡುವಿನ ಮಾತು. ನಾನು ಆಗತಾನೆ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ಸೇರಿದ್ದೆ. ಹೊಸನಗರದಿಂದ ಸಾಗರದ ಕಡೆ ಹೋಗುವ ರಸ್ತೆಯಲ್ಲಿ ಹತ್ತು ಹನ್ನೆರಡು ಮೈಲಿ ನನ್ನ ಪಾಲು. ಅದನ್ನು ನೋಡಿಕೊಳ್ಳುವ ಗ್ಯಾಂಗಿಗೆ ಇವರು ಮೇಸ್ತ್ರಿ. ಆಗಲೇ ಐವತ್ತರ ಹತ್ತಿರ. ತೆಳ್ಳಗೆ, ಕಪ್ಪಗೆ, ಕಿವಿಯ ಸಂದಿಯಲ್ಲಿ ಸದಾ ಒಂದು ಮೋಟು ಬೀಡಿ. ನಾನೋ, ಕುದಿಸಿ ಆರಿಸಿದ ನೀರಿನ ಬಾಟಲಿ, ಕೊಡೆ, ಸೀಟಿ, ಟಾರ್ಚು, ಟಾರ್ಚಿಗೆ ಬೇರೆ ಸೆಲ್ಲು, ಹಾವು ಕಚ್ಚಿದರೆ ಕಟ್ಟಲು ಒಂದು ಹುರಿ ಎಲ್ಲವನ್ನೂ ಸೈಕಲ್ಲಿಗೆ ನೇತುಹಾಕಿಕೊಂಡು ರಸ್ತೆ ತನಿಖೆಗೆ ಹೋಗುತ್ತಿದ್ದವನು. ದೂರದಿಂದ ನೋಡಿದವರು ಪಾತ್ರೆ ಮಾರುವವನು ಬಂದ ಎಂದುಕೊಳ್ಳುತ್ತಿದ್ದರಂತೆ.

ಮೊದಲ ದಿನವೇ ಮೇಸ್ತ್ರಿ ನನ್ನನ್ನು ಬೆಚ್ಚಿಬೀಳಿಸಿದರು. ರಸ್ತೆ ಬದಿಗೆ ಹಾಕಿಸಲು ತಂದಿದ್ದ ಮಣ್ಣಿನ ಗುಡ್ಡೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ನಾಲಗೆಯಲ್ಲಿ ಹೊರಳಿಸಿ, ಪಕ್ಕಕ್ಕೆ ಉಗಿದು, “ಇದು ನಿಲ್ಲಾದಿಲ್ಲ ಸ್ವಾಮಿ. ಜೇಡಿ ಜಾಸ್ತಿ” ಎಂದರು.

“ಮೇಸ್ತ್ರಿ, ಹೊಟ್ಟೆಗೆ ಏನಾದರೂ ಆದರೆ?”

“ಮಣ್ಣಿಗೆ ಏನಾರ ಆಗಿದ್ಯಾ ಅಂತ ನೋಡಾದು ಸ್ವಾಮಿ, ಹೊಟ್ಟೆಗೆ ಅಲ್ಲ.”

ಗಾರೆಯ ಸುಣ್ಣ ಹದಕ್ಕೆ ಬಂದಿದೆಯೇ, ಮರಳು ಹೊಳೆಯದ್ದೋ ಹಳ್ಳದ್ದೋ, ಎಲ್ಲಕ್ಕೂ ಅವರದು ನಾಲಗೆಯ ತೀರ್ಪು. ಅದು ತಪ್ಪಿದ್ದನ್ನು ನಾನು ನೋಡಲಿಲ್ಲ. ಇನ್ನೊಂದು ಅಭ್ಯಾಸವೆಂದರೆ ಯಾವ ಮಾತಿಗೂ “ನೋಡಾಣ ಸ್ವಾಮಿ” ಎನ್ನುವುದು. ನಮ್ಮ ಕಚೇರಿಯಲ್ಲಿ ಯಾರಾದರೂ ನೋಡೋಣ ಎಂದರೆ ಆ ಕಾಗದದ ಕಥೆ ಮುಗಿಯಿತೆಂದೇ ಲೆಕ್ಕ. ಮೇಸ್ತ್ರಿ ನೋಡಾಣ ಎಂದರೆ ಹೋಗಿ, ಕೂತು, ನಿಜವಾಗಿಯೂ ನೋಡುತ್ತಿದ್ದರು.

ಅವರ ಹೆಂಡತಿ ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ಆಯಾ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಕೊನೆಯ ಬಸ್ಸು ಹಿಡಿದರೆ, ಎಂಟೂವರೆಯ ಸುಮಾರಿಗೆ ಮತ್ತಿಮರದ ತಿರುವು ದಾಟಿ ಊರಿನ ಬಳಿ ಇಳಿಯುತ್ತಿದ್ದರು. ಭಾನುವಾರ ಮಧ್ಯಾಹ್ನ ಮತ್ತೆ ಹೊರಡಬೇಕು. ಅವರಿಬ್ಬರ ಸಂಸಾರವೆಂದರೆ ಆ ಶನಿವಾರದ ಬಸ್ಸು. ಮೇಸ್ತ್ರಿ ಇದನ್ನು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಶನಿವಾರ ಬೆಳಿಗ್ಗೆ ಮಾತ್ರ ಅವರ ಗಡ್ಡ ಬೋಳಿಸಿರುತ್ತಿತ್ತು.

ಶರಾವತಿಯ ಹಿನ್ನೀರು ಏರಿ ನಿಂತ ವರ್ಷಗಳು ಅವು. ಕೆಳಗಿನ ಕಾಡು ನೀರಿನಡಿ ಹೋಗಿ, ಅಲ್ಲಿದ್ದ ಪ್ರಾಣಿಗಳೆಲ್ಲ ಮೇಲಕ್ಕೆ, ರಸ್ತೆಯ ಕಡೆಗೆ ಸರಿದಿದ್ದವು. ಮತ್ತಿಮರದ ತಿರುವಿನಲ್ಲಿ ಮೊದಲು ಒಂದು ಜೀಪು ಜಿಂಕೆಗೆ ಗುದ್ದಿತು. ಆಮೇಲೆ ಒಂದು ಶನಿವಾರ ಇದೇ ಕೊನೆಯ ಬಸ್ಸು, ಎಮ್ಮೆಯಷ್ಟು ದೊಡ್ಡ ಕಡವೆಯನ್ನು ತಪ್ಪಿಸಲು ಹೋಗಿ ಮೈಲಿಗಲ್ಲನ್ನು ಕಿತ್ತುಕೊಂಡು ನಿಂತಿತು. ಮೇಸ್ತ್ರಿಯ ಹೆಂಡತಿಗೆ ಮುಂದಿನ ಸೀಟಿನ ಕಂಬಿ ಬಡಿದು ಹಣೆ ಒಡೆಯಿತು. ಮರುದಿನ ತಮ್ಮ ಆಸ್ಪತ್ರೆಯಲ್ಲೇ ಮೂರು ಹೊಲಿಗೆ ಹಾಕಿಸಿಕೊಂಡು, ಆ ದಿನವೇ ಕೆಲಸಕ್ಕೆ ನಿಂತರಂತೆ. ಬಸ್ಸಿನ ಡ್ರೈವರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿದ:

“ಇನ್ನೊಂದ್ ಸಲ ಜಿಂಕೆ ಅಡ್ಡ ಬಂತು ಅಂತ ಸುದ್ದಿ ಆದ್ರೆ ಕೊನೇ ಬಸ್ಸು ಹೊಸನಗರಕ್ಕೇ ನಿಲ್ಸ್ತಾರಂತೆ ಮಾಲೀಕ್ರು. ಈ ಕಡೆಯೋರು ನಡ್ಕೊಂಡ್ ಹೋಗ್ಲಿ ಅಂದ್ರು.”

ಪಕ್ಕದಲ್ಲಿದ್ದ ಮೇಸ್ತ್ರಿ ಕಿವಿಯ ಬೀಡಿ ತೆಗೆದು ನೋಡಿ, ಹಚ್ಚದೆ, ಮತ್ತೆ ಕಿವಿಗೇ ಇಟ್ಟುಕೊಂಡರು.

ಆ ರಾತ್ರಿ ನನಗೆ ನಿದ್ದೆ ಇಲ್ಲ. ನನ್ನ ಹೆಂಡತಿ ತಾಳಗುಪ್ಪದ ಕಡೆಯವಳು, ನನ್ನ ಚಿಂತೆಗಳನ್ನು ಮದುವೆಯಾದ ವರ್ಷವೇ ಅಳೆದು ಮುಗಿಸಿದ್ದಳು. “ಎಂತ ಆತು ನಿಂಗಕ್ಕೆ? ಜಿಂಕೆ ಇಪ್ಪುದು ರಸ್ತೆಯಲ್ಲಿ, ಇಲ್ಲಿ ಹೊರಳಾಡೋದು ನಿಂಗ” ಎಂದು ಕಂಬಳಿ ಎಳೆದುಕೊಂಡಳು.

ಬೆಳಗಾಗುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಬೋರ್ಡು. ನಾನೇ ಮುಂದೆ ನಿಂತು ಬರೆಸಿದೆ: ‘ಇಲ್ಲಿ ಜಿಂಕೆಗಳು ಹೆಚ್ಚಾಗಿವೆ. ನಿಧಾನವಾಗಿ ಹೋಗಿ.’ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ. ತಿರುವಿನ ಎರಡೂ ಕಡೆ ನಿಲ್ಲಿಸಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ ಸಂತೋಷಪಟ್ಟೆ.

“ಹೇಗಿದೆ ಮೇಸ್ತ್ರಿ?”

“ಚೆನ್ನಾಗೈತೆ ಸ್ವಾಮಿ. ಜಿಂಕೆಗೆ ಓದಾಕೆ ಬರಲ್ಲ. ಓದೋರು ಯಾರು ಅಂತ ನೋಡಾಣ.”

ಓದುವವರು ನಾಲ್ಕೇ ದಿನಕ್ಕೆ ಬಂದರು. ಸಾಗರದ ಕಡೆಯ ಶಿಕಾರಿ ಹುಚ್ಚಿನ ಶ್ರೀಮಂತರು, ಜೀಪಿನಲ್ಲಿ, ಬಂದೂಕು ಮತ್ತು ದೊಡ್ಡ ದೀಪದೊಂದಿಗೆ. ಇಷ್ಟು ವರ್ಷ ಎಲ್ಲೆಲ್ಲೋ ಹುಡುಕಿ ಬರಿಗೈಯಲ್ಲಿ ಹಿಂತಿರುಗುತ್ತಿದ್ದವರಿಗೆ ಸರ್ಕಾರವೇ ಜಾಗ ತೋರಿಸಿ ಬೋರ್ಡು ಹಾಕಿತ್ತು. ಅವರು ಎರಡೂ ಸಾಲನ್ನು ಅಕ್ಷರಶಃ ಪಾಲಿಸಿದರು. ಜಿಂಕೆಗಳಿವೆ ಎಂದು ನಂಬಿದರು, ನಿಧಾನವಾಗಿ ಹೋದರು. ಗುಂಡಿನ ಶಬ್ದ ಕೇಳಿ ಊರವರು ಎದ್ದು ಬರುವ ಹೊತ್ತಿಗೆ ಎರಡು ಜಿಂಕೆ ಹೋಗಿದ್ದವು.

ಮರುದಿನ ಮೇಸ್ತ್ರಿ ಬೋರ್ಡುಗಳನ್ನು ಕಿತ್ತರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಒಂದು ಹಲಗೆಯನ್ನು ಮಗುಚಿ ಬಡಿದು ನೋಡಿ, “ಹಲಗೆ ಗಟ್ಟಿ ಐತೆ ಸ್ವಾಮಿ. ನೋಡಾಕೆ ಕೂರಾಕಾತು” ಎಂದರು. ಸಂಜೆ ಹೊತ್ತಿಗೆ ಅದು ಮತ್ತಿಮರದ ಕವಲಿನಲ್ಲಿ, ಮೇಲಿನ ಬರಹ ಕೆಳಗಾಗಿ ಕೂತಿತ್ತು.

ಅಲ್ಲಿ ಮೇಸ್ತ್ರಿ ಎರಡು ಸಂಜೆ ಕೂತರು. ಎರಡನೆಯ ಸಂಜೆ ನಾನೂ ಹತ್ತಿದೆ. ಕೊಡೆಯನ್ನು ಕೆಳಗೇ ಬಿಡಲು ಹೇಳಿದರು. ಸೀಟಿಯನ್ನು ಕೇಳಿ ಪಡೆದು ತಮ್ಮ ಜೇಬಿಗೆ ಹಾಕಿಕೊಂಡರು. ಕತ್ತಲಾಗುತ್ತಿದ್ದಂತೆ ಕೆಳಗಿನ ಪೊದೆ ಅಲ್ಲಾಡಿತು. ಮೊದಲು ಎರಡು ಜಿಂಕೆ, ಆಮೇಲೆ ಆರು, ಕೊನೆಗೆ ಒಂದು ಹೆಣ್ಣು ಕಡವೆ. ಬಂದವು ರಸ್ತೆಗೆ, ಆದರೆ ಆ ಕಡೆ ಹೋಗಲಿಲ್ಲ. ನಡುರಸ್ತೆಯಲ್ಲೇ ನಿಂತು ತಲೆ ತಗ್ಗಿಸಿದವು. ಸರ ಸರ ಎಂಬ ಸಣ್ಣ ಶಬ್ದ. ನಾನು ಉಸಿರು ಬಿಗಿಹಿಡಿದಿದ್ದೆ, ಹಿಡಿದಷ್ಟು ಹೊತ್ತು ಸೀನು ಒಳಗೇ ಬೆಳೆಯುತ್ತಿತ್ತು.

ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದರು: “ಇವು ದಾಟಾಕೆ ಬಂದಿಲ್ಲ ಸ್ವಾಮಿ. ಊಟಕ್ಕೆ ಕೂತಾವೆ.”

ನಾನು ಸೀನಿದೆ. ಪಂಕ್ತಿ ಎದ್ದು ಓಡಿತು.

ಕೆಳಗಿಳಿದ ಮೇಸ್ತ್ರಿ, ಅವು ನಿಂತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳನ್ನು ರಸ್ತೆಗೆ ಒತ್ತಿ ನಾಲಗೆಗೆ ಇಟ್ಟುಕೊಂಡರು. ನಾಲ್ಕು ಹೆಜ್ಜೆ ಸರಿದು ಮತ್ತೆ ಇಟ್ಟರು. ಟಾರ್ಚು ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಈ ರಸ್ತೆಯ ಮೇಲೆ ದಿನಕ್ಕೆ ಎಷ್ಟು ಎತ್ತಿನ ಗಾಡಿ ಹೋಗುತ್ತವೆ!

“ಉಪ್ಪು” ಎಂದರು ಮೇಸ್ತ್ರಿ.

ಆಗ ಎಲ್ಲ ಬಿಚ್ಚಿಕೊಂಡಿತು. ಘಟ್ಟದ ಕೆಳಗಿನಿಂದ ಮೀನಿನ ಲಾರಿ ದಿನಾ ಮಧ್ಯಾಹ್ನ ಹೊಸನಗರದ ಮೇಲೆ ಸಾಗರಕ್ಕೆ ಹೋಗುತ್ತಿತ್ತು. ತಿರುವಿನ ಪಕ್ಕದಲ್ಲಿ ಒಂದು ಒರತೆ. ಅಲ್ಲಿ ಲಾರಿ ನಿಲ್ಲಿಸಿ ಬಿಸಿಯಾದ ಎಂಜಿನ್ನಿಗೆ ನೀರು ಹಾಕಿ, ಡ್ರೈವರು ಮರದಡಿ ಒಂದು ನಿದ್ದೆ ತೆಗೆಯುತ್ತಿದ್ದ. ಅಷ್ಟು ಹೊತ್ತೂ ಮೀನಿನ ಬುಟ್ಟಿಗಳಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಕಾಡಿನ ಪ್ರಾಣಿಗಳಿಗೆ ಮೊದಲು ಕೆಳಗೆ ಕಣಿವೆಯಲ್ಲಿ ಉಪ್ಪುಮಣ್ಣಿನ ಜಾಗವೊಂದಿತ್ತಂತೆ, ಮೇಸ್ತ್ರಿ ಚಿಕ್ಕಂದಿನಲ್ಲಿ ನೋಡಿದ್ದರು. ಅದರ ಮೇಲೆ ಈಗ ಹತ್ತಾಳು ನೀರು ನಿಂತಿತ್ತು.

“ನಾವು ಅವುಗಳ ಉಪ್ಪು ಮುಳುಗಿಸ್ದೊ. ಅವು ಬಂದು ನಮ್ಮ ಉಪ್ಪು ನೆಕ್ತಾವೆ. ಅವುಕ್ಕೆ ಬೋರ್ಡ್ ಹಾಕಿ ಏನ್ ಮಾಡ್ತೀರಿ?” ಎಂದರು. ಬೋರ್ಡಿನ ವಿಷಯದಲ್ಲಿ ಅವರು ನನ್ನನ್ನು ಬೈದದ್ದೆಂದರೆ ಅದೊಂದೇ ಮಾತು. ಇಪ್ಪತ್ತು ವರ್ಷವಾದರೂ ಅದರ ಚುರುಕು ಇಳಿದಿಲ್ಲ.

ಮಾರನೆಯ ದಿನ ಗ್ಯಾಂಗಿನವರು ತಿರುವಿನ ಮೇಲ್ಮಣ್ಣನ್ನು ಹೆರೆದು ಬುಟ್ಟಿಗೆ ತುಂಬಿದರು. ನಾನು ಅದನ್ನು ಹಳ್ಳಕ್ಕೆ ಸುರಿಸಿ ಎಂದೆ. ಮೇಸ್ತ್ರಿ ಬೇಡವೆಂದರು. “ಬಡಿಸಿದ್ ಊಟ ಕಿತ್ಕಂಡ್ರೆ ಸಾಲ್ದು ಸ್ವಾಮಿ, ಎಲೆ ಬ್ಯಾರೆ ಕಡೆ ಹಾಕ್ಬೇಕು.” ಅರ್ಧ ಮೈಲಿ ಕಾಡಿನೊಳಗೆ ಒಂದು ಹಾಸುಬಂಡೆಯ ಗುಂಡಿಯಲ್ಲಿ ಆ ಮಣ್ಣನ್ನೆಲ್ಲ ಸುರಿದರು. ಒರತೆಯ ನೀರನ್ನು, ಸೀಳಿದ ಅಡಿಕೆಮರದ ದಂಬೆಯಲ್ಲಿ ಒಂದು ಫರ್ಲಾಂಗು ಕೆಳಗಿನ ಮೋರಿಯ ತನಕ ಹರಿಸಿದರು. ಲಾರಿ ಇನ್ನು ಅಲ್ಲಿ ನಿಲ್ಲಬೇಕು. ತೊಟ್ಟಿಕ್ಕಿದ್ದು ಮೋರಿಗೆ ಇಳಿದು ಹೋಗಬೇಕು. ಉಳಿದ ಉಪ್ಪು ಹೋಗುವ ತನಕ ದಿನಾ ಸಂಜೆ ತಿರುವನ್ನು ನೀರು ಹಾಕಿ ಗುಡಿಸಿ ತೊಳೆಯಬೇಕು.

ಮೀನಿನ ಲಾರಿಯ ಡ್ರೈವರು ಕುಂದಾಪುರದ ಕಡೆಯವನು. ಪೊರಕೆ ಹಿಡಿದ ಮೇಸ್ತ್ರಿಯನ್ನು ನೋಡಿ ಲಾರಿಯಿಂದ ತಲೆ ಹೊರಗೆ ಹಾಕಿದ.

“ಎಂತ ಮಾರಾಯ್ರೆ, ರಸ್ತೆ ತೊಳುದಾ? ಯಾರ ಮದಿ ಇತ್ತ್?”

“ನಿನ್ದೇ ಮದ್ವೆ” ಎಂದರು ಮೇಸ್ತ್ರಿ. “ಹೆಣ್ಣು ಮೋರಿ ಹತ್ರ ಕಾಯ್ತಾ ಐತೆ. ಅಲ್ಲಿ ನಿಲ್ಸು.”

ಆವತ್ತಿನಿಂದ ಅವನು ಅಲ್ಲೇ ನಿಲ್ಲಿಸಿದ. ನನಗೆ ಬೇರೆ ಚಿಂತೆ ಹಿಡಿಯಿತು. ಕೆಲಸದ ಡೈರಿಯಲ್ಲಿ ಏನೆಂದು ಬರೆಯುವುದು? ‘ರಸ್ತೆ ತೊಳೆದದ್ದು’ ಎಂದು ಬರೆದರೆ ಮೇಲಿನವರು ನನ್ನನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೋ! ಮೂರು ಸಲ ಹೊಡೆದುಹಾಕಿ ‘ಧೂಳು ನಿವಾರಣೆ’ ಎಂದು ಬರೆದೆ.

ಎರಡು ಶನಿವಾರ ಬಸ್ಸು ಸುಖವಾಗಿ ದಾಟಿತು. ಮೂರನೆಯ ಶನಿವಾರವೇ ನಾನು ಮೊದಲು ಹೇಳಿದ ಶನಿವಾರ.

ಆವತ್ತು ಲಾರಿ ತಡವಾಗಿ, ಹೊತ್ತು ಮುಳುಗುವಾಗ ಬಂತು. ತಿರುವಿಗೆ ಬರುವಷ್ಟರಲ್ಲಿ ಎಂಜಿನ್ನಿನ ನೀರು ಕುದಿದು ಹಬೆ ಎದ್ದಿತ್ತು. ಹಳೆಯ ಜಾಗದಲ್ಲೇ ನಿಂತುಬಿಟ್ಟಿತು. ಗ್ಯಾಂಗಿನವರು ಸಂತೆಗೆ ಹೋಗಿದ್ದರು. ನಾನು, ಮೇಸ್ತ್ರಿ ಹೋಗುವಷ್ಟರಲ್ಲಿ ಬುಟ್ಟಿಗಳಡಿ ಉಪ್ಪುನೀರಿನ ಕೆರೆ.

“ಮೋರಿ ತನ್ಕ ಹೋಪುಕೆ ಆಯ್ಲಿಲ್ಲ ಮಾರಾಯ್ರೆ” ಎಂದು ಡ್ರೈವರು ಕೈಮುಗಿದ. ಅವನೂ ಎರಡು ಕೊಡ ನೀರು ಹೊಯ್ದುಕೊಟ್ಟು, ಎಂಜಿನ್ನು ತಣಿದೊಡನೆ ಲಾರಿ ತೆಗೆದುಕೊಂಡು ಹೋದ. ಉಳಿದದ್ದು ನಾವಿಬ್ಬರು, ಎರಡು ಸೀಮೆಎಣ್ಣೆ ಡಬ್ಬ, ಒಂದು ಪೊರಕೆ, ಒಂದು ಲಾಟೀನು. ಬಸ್ಸಿಗೆ ಇನ್ನು ಒಂದು ಗಂಟೆ.

ನಾನು ನೀರು ತಂದು ಸುರಿದೆ, ಮೇಸ್ತ್ರಿ ಗುಡಿಸಿದರು. ಅವರ ಬೋಳಿಸಿದ ಗಲ್ಲದ ಮೇಲೆ ಬೆವರು ಇಳಿಯುತ್ತಿತ್ತು. ಆಗಾಗ ಕೂತು ಬೆರಳು ಒತ್ತಿ ನಾಲಗೆಗೆ ಇಡುವುದು, “ಇನ್ನೂ ಐತೆ” ಎನ್ನುವುದು. ಮತ್ತೆ ಎರಡು ಡಬ್ಬ ನೀರು. ನನ್ನ ಪಟ್ಟಿ ಹುಟ್ಟಿದ್ದು ಆಗಲೇ, ಒರತೆಗೂ ತಿರುವಿಗೂ ಓಡಾಡುತ್ತ.

ಎಂಟು ದಾಟಿರಬೇಕು. ಕಾಡಿನ ಅಂಚಿನಲ್ಲಿ ಕಣ್ಣುಗಳು ಹೊಳೆದವು. ಆರೆಂಟು ಜೊತೆ. ಮೇಸ್ತ್ರಿ ಲಾಟೀನು ಆರಿಸಿ ನನ್ನ ತೋಳು ಹಿಡಿದರು. ಮುಂದಿದ್ದ ಹೆಣ್ಣು ಕಡವೆ ರಸ್ತೆಗೆ ಕಾಲಿಟ್ಟಿತು, ಮೂಗು ಕೆಳಗೆ ಮಾಡಿತು, ಒದ್ದೆ ರಸ್ತೆಯನ್ನು ಒಂದು ಸಲ ನೆಕ್ಕಿತು. ನಿಂತಿತು. ಅದರ ತೀರ್ಪಿಗೆ ನಾವಿಬ್ಬರೂ ಕಾದೆವು. ಕಡವೆ ತಲೆ ಕೊಡವಿ ತಿರುಗಿ, ಬಂಡೆಯ ಕಡೆಯ ದಾರಿ ಹಿಡಿಯಿತು. ಉಳಿದವೂ ಹಿಂದೆ ಹೋದವು.

“ಸಪ್ಪೆ ಆಗೈತೆ” ಎಂದರು ಮೇಸ್ತ್ರಿ. 

ದೂರದಲ್ಲಿ ಬಸ್ಸಿನ ಸದ್ದು ಕೇಳಿತು. “ನೀವು ಆ ಬದಿಗೆ ನಿಲ್ಲಿ ಸ್ವಾಮಿ. ನಡುರಸ್ತೆಗೆ ಮಾತ್ರ ಬರಬ್ಯಾಡಿ” ಎಂದು ಪೊರಕೆ ಹಿಡಿದು ಈ ಬದಿಗೆ ಸರಿದರು.

ನಾನು ಬದಿಯಲ್ಲೇ ನಿಂತಿದ್ದೆ. ಆದರೆ ಒಂದು ಕಡವೆ ಹಿಂದೆ ಉಳಿದಿದ್ದರೆ? ರಸ್ತೆ ಒದ್ದೆಯಾಗಿದೆ ಎಂದು ಡ್ರೈವರನಿಗೆ ಯಾರು ಹೇಳುವವರು? ಬಸ್ಸು ತಿರುಗುವಾಗ, ಎಚ್ಚರಿಸೋಣವೆಂದು ಟಾರ್ಚು ಎತ್ತಿಕೊಂಡು ನಡುರಸ್ತೆಗೆ ಇಳಿದೆ. ಎರಡು ದೀಪಗಳ ಬೆಳಕು ಮುಖಕ್ಕೆ ಹೊಡೆಯಿತು. ಅಷ್ಟೇ. ಕಾಲು ನೆಲಕ್ಕೆ ಅಂಟಿತು. ಕಣ್ಣು ಬಿಟ್ಟುಕೊಂಡು, ಕತ್ತು ಎತ್ತಿಕೊಂಡು, ಕದಲದೆ ನಿಂತೆ. ಜಿಂಕೆಗಳು ದೀಪದ ಮುಂದೆ ಯಾಕೆ ಓಡುವುದಿಲ್ಲ ಎಂದು ನಾನು ಯಾರನ್ನೂ ಆಮೇಲೆ ಕೇಳಲಿಲ್ಲ.

ಬ್ರೇಕು ಕಿರುಚಿತು. ಬಸ್ಸು ನನ್ನ ಎದೆಯಿಂದ ಒಂದು ಮೊಳದಲ್ಲಿ ನಿಂತಿತು. ಒಳಗೆ ಏನೋ ಧಡ್ ಎಂದು ಬಿದ್ದು ಒಡೆದ ಸದ್ದಾಯಿತು.

ಡ್ರೈವರು ತಲೆ ಹೊರಗೆ ಹಾಕಿದ. “ಕಡವೆ ಆಗಿದ್ರೆ ಕೊನೇಗಾದ್ರೂ ಹಾರ್ತಿತ್ತು ಸ್ವಾಮಿ” ಎಂದ.

ಮೇಸ್ತ್ರಿ ಓಡಿಬಂದು ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದರು. ಅವರ ಕಣ್ಣು ಒಳಗಿತ್ತು, ಮಾತು ಡ್ರೈವರನ ಕಡೆ. “ಮಾಲೀಕ್ರಿಗೆ ಏನ್ ಹೇಳ್ತೀಯಪ್ಪಾ?”

“ಜಿಂಕೆ ಅಡ್ಡ ಬಂದ್ರೆ ಹೇಳು ಅಂದಿದಾರೆ. ಓವರ್‌ಸಿಯರ್ರು ಅಡ್ಡ ಬಂದ್ರೆ ಹೇಳು ಅಂತ ಹೇಳಿಲ್ಲ” ಎಂದ ಡ್ರೈವರು. ಬಸ್ಸಿನೊಳಗೆ ನಗು ಎದ್ದಿತು. ನಾನೂ ನಕ್ಕೆ, ನಡುರಸ್ತೆಯಲ್ಲೇ ನಿಂತು.

ಹಣೆಯ ಮೇಲೆ ಹೊಲಿಗೆಯ ಗುರುತಿದ್ದ ಹೆಂಗಸು ಇಳಿದರು. ಪೆಟ್ಟೇನೂ ಆಗಿರಲಿಲ್ಲ. ಕೈಯಲ್ಲಿ ಒಂದು ಭರಣಿಯ ಕುತ್ತಿಗೆ ಮಾತ್ರ ಇತ್ತು, ಬಟ್ಟೆಯಿಂದ ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ.

“ಮೇಳಿಗೆ ಊರಿನೋರು ಕೊಟ್ಟಿದ್ದ ಅಪ್ಪೆಮಿಡಿ ಮಾವು. ಉಪ್ಪಿಗೆ ಹಾಕಿ ಒಂದ್ ತಿಂಗ್ಳಾಗಿತ್ತು, ಸರಿಯಾಗಿ ಚಿರುಟಿತ್ತು” ಎಂದು ನನ್ನ ಕಡೆ ತಿರುಗಿ, “ಹೋಗ್ಲಿ ಬಿಡಿ, ನೀವು ಉಳ್ಕಂಡ್ರಲ್ಲ” ಎಂದರು. ಮಿಡಿ ಹೋದದ್ದಕ್ಕೆ ನಾನು ಉಳಿದದ್ದು ಸಾಟಿಯೇ ಎಂಬ ಅನುಮಾನ ಆ ದನಿಯಲ್ಲಿ ಇದ್ದೇ ಇತ್ತು. ಆಮೇಲೆ ಗಂಡನಿಗೆ ಹೇಳಿದರು: “ಬರೋ ಶನಿವಾರ ಬ್ಯಾರೆ ತತ್ತೀನಿ.”

ಬರುವ ಶನಿವಾರ ಎಂಬ ಮಾತು ಕೇಳಿ ಮೇಸ್ತ್ರಿ ಕಿವಿಯ ಬೀಡಿ ತೆಗೆದು, ಈ ಸಲ ಹಚ್ಚಿದರು.

ಬಸ್ಸು ಹೋಯಿತು. ಅದು ನಿಂತಿದ್ದ ಜಾಗದಲ್ಲಿ, ನಾವು ಒಂದು ಗಂಟೆ ತೊಳೆದು ಸಪ್ಪೆ ಮಾಡಿದ ರಸ್ತೆಯ ಮೇಲೆ, ಬಸ್ಸಿನ ಮೆಟ್ಟಿಲಿನಿಂದ ಹರಿದಿದ್ದ ಉಪ್ಪುನೀರು, ಮತ್ತೆ ಹಚ್ಚಿದ ಲಾಟೀನಿನ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ನಡುವೆ ಐದಾರು ಮಿಡಿ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತರು. ಬೆರಳು ಅದ್ದಿದರು, ನಾಲಗೆಗೆ ಇಟ್ಟರು, ಕಣ್ಣು ಮುಚ್ಚಿದರು.

“ಹೋದ್ ವರ್ಷದ್ದಕ್ಕಿಂತ ಚೆನ್ನಾಗಿತ್ತು” ಎಂದು ಹೆಂಡತಿಗೆ ಹೇಳಿ, ಎದ್ದು, ಪೊರಕೆಯನ್ನು ನನ್ನ ಕೈಗೆ ಕೊಟ್ಟರು.